ಲೈಬ್ರರಿ ಟೆಕ್ನಿಷಿಯನ್‌ಗೆ ರಿಸರ್ಚ್ ಗ್ರಾಂಟ್ ಸಿಗ್ತದಾ? ಹಳೇ ಪ್ರಸಂಗ ಪುಸ್ತಕ 312 ಉಂಟು, ಗೊತ್ತಿದ್ದವ್ರು ಹೇಳಿ

ಕಪಾಟು_14:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗ್ತದೆ, ಬೈಬೇಡಿ ಮಾರ್ರೆ.

ನಾನು ಮಂಗಳೂರು ಹತ್ರದ ಒಂದು ಕಾಲೇಜು ಲೈಬ್ರರಿಯಲ್ಲಿ ಟೆಕ್ನಿಷಿಯನ್. 11 ವರ್ಷ ಆಯ್ತು, ಕಾಲೇಜಿನ ಹೆಸರು ಬೇಡ. ಓದಿದ್ದು ಬಿಎ, ಮತ್ತೆ ಕರೆಸ್ಪಾಂಡೆನ್ಸಲ್ಲಿ ಲೈಬ್ರರಿ ಸೈನ್ಸಿನ ಡಿಗ್ರಿ ಬಿಎಲ್‌ಐಎಸ್ಸಿ. ಕೆಲಸ ಅಂದ್ರೆ ಗೊತ್ತಲ್ಲ, ಹೊಸ ಪುಸ್ತಕಕ್ಕೆ ಅಕ್ಸೆಶನ್ ನಂಬರ್ (ದಾಖಲೆ ಸಂಖ್ಯೆ), ಸೀಲು, ಸ್ಪೈನ್ ಲೇಬಲ್, ಕೋಹಾ ಅಂತ ಲೈಬ್ರರಿ ಸಾಫ್ಟ್‌ವೇರಲ್ಲಿ ಎಂಟ್ರಿ, ಬಾರ್‌ಕೋಡ್ ಪ್ರಿಂಟರ್ ಹಾಳಾದ್ರೆ ನಾನೇ, ವೈಫೈ ಹೋದ್ರೆ ನಾನೇ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವ್ರು ಬರ್ತಾರೆ ಅಂದ್ರೆ ರಾತ್ರಿ ಎಂಟರವರೆಗೆ ಕೂತು ಫೈಲ್ ಮಾಡುದೂ ನಾನೇ.

ಕಳೆದ ಮಳೆಗಾಲ ಸ್ಟೋರ್ ರೂಮಿನ ಮಾಡು ಸೋರಿ ಅಲ್ಲಿದ್ದ ಗೋದ್ರೆಜ್ ಕಪಾಟು ಎಲ್ಲ ಹೊರಗೆ ತೆಗಿಬೇಕಾಯ್ತು. 14ನೇ ಕಪಾಟಿನ ಕೀಲಿ ಯಾರ ಹತ್ರವೂ ಇರ್ಲಿಲ್ಲ, ವೆಲ್ಡಿಂಗಿನವ್ರನ್ನು ಕರೆಸಿ ಬೀಗ ಒಡೆಸಿದ್ದು. ಒಳಗೆ ನೋಡಿದ್ರೆ ಸೆಣಬಿನ ಹಗ್ಗದಲ್ಲಿ ಕಟ್ಟಿಟ್ಟ ಯಕ್ಷಗಾನ ಪ್ರಸಂಗ ಪುಸ್ತಕಗಳು, ಅಂದ್ರೆ ಆಟದ ಕಥೆ ಪದ್ಯದಲ್ಲಿ ಇರುವಂತದ್ದು. ಹೆಚ್ಚಿನವು ಮಂಗಳೂರು ಉಡುಪಿ ಪ್ರೆಸ್ಸುಗಳಲ್ಲಿ ಅಚ್ಚಾದದ್ದು, ಕೆಲವಕ್ಕೆ ರಟ್ಟೇ ಇಲ್ಲ, ಬೆಲೆ ಎರಡಾಣೆ ನಾಲ್ಕಾಣೆ ಅಂತ ಉಂಟು. ಯಾರೋ ಹಳೇ ವಿದ್ಯಾರ್ಥಿಯ ಮನೆಯಿಂದ ದಾನ ಬಂದದ್ದಿರ್ಬೇಕು, ಅಕ್ಸೆಶನ್ ರಿಜಿಸ್ಟರಲ್ಲಿ ಸುದ್ದಿಯೇ ಇಲ್ಲ. ಒಟ್ಟು 312 ಅಚ್ಚಿನ ಪುಸ್ತಕ, ಮತ್ತೆ ಕೈಬರಹದ 9 ನೋಟ್‌ಬುಕ್. ಬೂಸ್ಟು ಹಿಡಿದದ್ದನ್ನು ಬೇರೆ ಮಾಡಿ, ಫ್ಯಾನಿನಡಿ ಒಣಗಿಸಿ, ಒಂದು ಎಕ್ಸೆಲ್ ಮಾಡಿದ್ದೇನೆ. ಹೆಸರು, ಪ್ರೆಸ್ಸು, ವರ್ಷ ಇದ್ರೆ ವರ್ಷ, ಪುಟ, ಸ್ಥಿತಿ. ಸ್ಥಿತಿ ಕಾಲಮಲ್ಲಿ ‘ಹರಿದಿದೆ’, ‘ಹುಳ ತಿಂದಿದೆ’, ‘ಪೆನ್ಸಿಲಲ್ಲಿ ಗೀಚಿದೆ’ ಹೀಗೆ.

ಇದನ್ನು ಸ್ಕ್ಯಾನ್ ಮಾಡಿ ಸರಿ ಕ್ಯಾಟಲಾಗ್ ಮಾಡ್ಲಿಕ್ಕೆ ಯಾವುದಾದ್ರೂ ರಿಸರ್ಚ್ ಗ್ರಾಂಟ್ ಸಿಗ್ತದಾ ಅಂತ ಹುಡುಕಿದ್ರೆ ಎಲ್ಲ ಫಾರ್ಮಲ್ಲೂ ಪಿಎಚ್‌ಡಿ, ಪಬ್ಲಿಕೇಶನ್, ಡೆಸಿಗ್ನೇಶನ್ ಕೇಳ್ತಾರೆ. ನಾನು ನಾನ್ ಟೀಚಿಂಗ್ ಸ್ಟಾಫ್. ಮೇಲಿನವ್ರ ಹತ್ರ ಹೇಳಿದ್ದಕ್ಕೆ ನಿಮಗೆಂತದ್ದು ರಿಸರ್ಚ್, ಮೊದ್ಲು ಸ್ಟಾಕ್ ವೆರಿಫಿಕೇಶನ್ ಮುಗಿಸಿ ಅಂದ್ರು. ತಪ್ಪಿಲ್ಲ, ಅದೂ ಬಾಕಿ ಉಂಟು. ಆದ್ರೆ ಬರುವ ಜೂನ್ ಒಳಗೆ ಎಂತಾದ್ರೂ ಮಾಡದಿದ್ರೆ ಇನ್ನೊಂದು ಮಳೆಗಾಲ ಆ ಕಾಗದ ತಡಿಯುದಿಲ್ಲ, ಮುಟ್ಟಿದ್ರೆ ಹಪ್ಪಳದ ಹಾಗೆ ಮುರಿತದೆ.

ನನ್ನ ಹಾಗಿನವ್ರಿಗೆ ದಾರಿ ಉಂಟಾ? ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ, ಬೇಜಾರಿಲ್ಲ.

ನೆಟ್_ಪಾಸ್_ಮೇಷ್ಟ್ರು:

ಬೇಜಾರು ಮಾಡ್ಕೊಬೇಡಿ, ನೇರ ಹೇಳ್ತೇನೆ. ಸಮಾಜ ವಿಜ್ಞಾನದ ರಿಸರ್ಚಿಗೆ ದುಡ್ಡು ಕೊಡುವ ಐಸಿಎಸ್‌ಎಸ್‌ಆರ್ ತರದ್ದಕ್ಕೆ ನೀವೊಬ್ರೇ ಹಾಕಿದ್ರೆ ಮೊದಲ ಸುತ್ತಲ್ಲೇ ಹೋಗ್ತದೆ. ಅವು ಸಾಧಾರಣ ಪಿಎಚ್‌ಡಿ ಆದ, ಪೇಪರ್ ಬರೆದ ಫ್ಯಾಕಲ್ಟಿಗೆ ಅಂತಲೇ ಇರುದು. ಕನ್ನಡ ವಿಭಾಗದ ಯಾರನ್ನಾದ್ರೂ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ (ಪಿಐ, ಅಂದ್ರೆ ಯೋಜನೆಯ ಮುಖ್ಯಸ್ಥರು) ಮಾಡಿ, ನೀವು ಜೊತೆಗಿರಿ. ನಮ್ಮಲ್ಲಿ ಹಾಗೇ ನಡೆಯುದು.

ಇನ್ನೊಂದು, ‘ಸ್ಕ್ಯಾನ್ ಮಾಡ್ತೇನೆ, ಕ್ಯಾಟಲಾಗ್ ಮಾಡ್ತೇನೆ’ ಅಂದ್ರೆ ಅದು ರಿಸರ್ಚ್ ಅಲ್ಲ, ಕೆಲಸ. ರಿವ್ಯೂ ಮಾಡುವವ್ರು ಮೊದ್ಲು ಕೇಳುದೇ ನಿಮ್ಮ ಪ್ರಶ್ನೆ ಎಂತ ಅಂತ. ನಿಮ್ಮ ಪೋಸ್ಟಲ್ಲಿ ವಸ್ತು ಉಂಟು, ಪ್ರಶ್ನೆ ಕಾಣುದಿಲ್ಲ.

ಮಣಿಪಾಲ_ಬಸ್ಸು:

ಮೇಷ್ಟ್ರೇ, ರಿಸರ್ಚ್ ಮಾಡ್ಲಿಕ್ಕೆ ಕುರ್ಚಿ ಬೇಕು ಅಂತ ಆದ್ರೆ ಕಷ್ಟ. ನಮ್ಮ ಲೈಬ್ರರಿ ಸೈನ್ಸಿನ ಪಿತಾಮಹ ಎಸ್.ಆರ್. ರಂಗನಾಥನ್ 1917ರಲ್ಲಿ ಇಲ್ಲೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಅಂದ್ರೆ ಈಗಿನ ಹಂಪನಕಟ್ಟೆ ಯೂನಿವರ್ಸಿಟಿ ಕಾಲೇಜು, ಲೆಕ್ಕ ಕಲಿಸ್ತಿದ್ದವ್ರು. ಮದ್ರಾಸ್ ಯೂನಿವರ್ಸಿಟಿಯ ಲೈಬ್ರೆರಿಯನ್ ಆದದ್ದು 1924ರಲ್ಲಿ. ಆವಾಗ ಅವ್ರಿಗೂ ಯಾರಾದ್ರೂ ನಿಮಗೆಂತದ್ದು ಲೈಬ್ರರಿ, ಲೆಕ್ಕ ಬಿಡಿಸಿ ಅಂದಿದ್ರೆ ನಾವಿವತ್ತು ಎಂತದ್ದನ್ನು ಓದಿ ಪಾಸಾಗ್ತಿದ್ದೆವು?

ಗ್ರಾಂಟ್ ಬಗ್ಗೆ ನಂಗೆ ಗೊತ್ತಿಲ್ಲ. ಇದೊಂದು ಹೇಳ್ಬೇಕು ಅನ್ನಿಸ್ತು, ಬರ್ತೇನೆ.

ನಿವೃತ್ತ_ಅಕ್ಕ_ಉಡುಪಿ:

ತಮ್ಮಾ, ನಿಮ್ಮ ಪೋಸ್ಟ್ ಓದಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. 31 ವರ್ಷ ಇದೇ ಕೆಲಸ ಮಾಡಿ ರಿಟೈರ್ ಆದವಳು ನಾನು. ಮೇಷ್ಟ್ರು ಹೇಳಿದ್ದು ಅರ್ಧ ಸರಿ, ಉಳಿದರ್ಧದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದನ್ನು ಮೊದ್ಲು ಹೇಳ್ತೇನೆ.

ನಾನಿದ್ದ ಕಡೆ ಹಳೇ ಪತ್ರಿಕೆಗಳ ಒಂದು ರಾಶಿ ಇತ್ತು. ಎರಡು ವರ್ಷ ಮಧ್ಯಾಹ್ನದ ಊಟದ ಹೊತ್ತಲ್ಲಿ ಕೂತು ಲಿಸ್ಟ್ ಮಾಡಿದ್ದು ನಾನು. ಗ್ರಾಂಟಿಗೆ ಹಾಕುವಾಗ ‘ನಿಮ್ಮ ಹೆಸರು ಹಾಕಿದ್ರೆ ಟೆಕ್ನಿಕಲ್ ಪ್ರಾಬ್ಲೆಮ್ ಆಗ್ತದೆ’ ಅಂದ್ರು. ನಾನೂ ಹೂಂ ಅಂದೆ. ದುಡ್ಡು ಬಂತು, ಪುಸ್ತಕ ಬಂತು, ಬಿಡುಗಡೆ ದಿನ ವೇದಿಕೆ ಮೇಲೆ ಐದು ಜನ. ನಾನು ಕೆಳಗೆ ಉಪ್ಪಿಟ್ಟಿನ ಲೆಕ್ಕ ನೋಡ್ತಿದ್ದೆ. ಪುಸ್ತಕದ ಒಳಗೆ ಕೃತಜ್ಞತೆ ಪುಟದಲ್ಲಿ ‘ಗ್ರಂಥಾಲಯದ ಸಿಬ್ಬಂದಿ’ ಅಂತ ಒಂದು ಸಾಲು, ಹೆಸರೂ ಇಲ್ಲ. ಲಿಸ್ಟ್ ಮಾತ್ರ ನಂದೇ, ನಾನು ಮಾಡಿದ ಎರಡು ಸ್ಪೆಲ್ಲಿಂಗ್ ತಪ್ಪು ಸಮೇತ ಹಾಗೇ ಅಚ್ಚಾಗಿತ್ತು.

ಹಾಗಾಗಿ, ಪ್ರೊಫೆಸರ್ ಒಬ್ರು ಪಿಐ ಆಗ್ಲಿ, ಬೇಡ ಅನ್ನುದಿಲ್ಲ. ಆದ್ರೆ ನೀವು ಕೋ ಇನ್ವೆಸ್ಟಿಗೇಟರ್ ಅಂತ ಅರ್ಜಿಯ ಒಳಗೇ ಬರ್ಬೇಕು, ಬಾಯಿ ಮಾತಲ್ಲ. ಯಾರು ಎಂತ ಮಾಡುದು, ಪಟ್ಟಿ ಪ್ರಕಟ ಆಗುವಾಗ ಸಂಪಾದಕರು ಯಾರು, ಈ ಎರಡು ವಿಷಯ ಒಂದು ಪುಟದಲ್ಲಿ ಬರೆದು ಇಬ್ರೂ ಸೈನ್ ಮಾಡಿ ಇಟ್ಕೊಳ್ಳಿ. ನಾಚಿಕೆ ಮಾಡ್ಬೇಡಿ. ಮತ್ತೆ ಆ ಎಕ್ಸೆಲ್ ಫೈಲ್ ಇವತ್ತೇ ನಿಮಗೆ ನೀವೇ ಇಮೇಲ್ ಮಾಡಿಡಿ, ತಾರೀಕು ಇರ್ತದಲ್ಲ.

ಇನ್ನು ದುಡ್ಡು ಎಲ್ಲಿ ಅಂತ. ನಿಮ್ಮ ಒಂದೇ ಕಪಾಟಿನಲ್ಲಿ ಎರಡು ಜಾತಿಯ ವಸ್ತು ಉಂಟು, ಒಟ್ಟಿಗೆ ಹಾಕಿದ್ರೆ ಎರಡೂ ಕಡೆ ಬೀಳ್ತೀರಿ. ನ್ಯಾಷನಲ್ ಮಿಷನ್ ಫಾರ್ ಮ್ಯಾನುಸ್ಕ್ರಿಪ್ಟ್ಸ್ ಅಂತ 2003ರಲ್ಲಿ ಶುರುವಾದದ್ದು ಉಂಟಲ್ಲ, 2025ರ ಬಜೆಟಲ್ಲಿ ಅದನ್ನೇ ಜ್ಞಾನ ಭಾರತಂ ಅಂತ ಮಾಡಿ 60 ಕೋಟಿ ಇಟ್ಟಿದ್ದು. ಹೆಸರು ಕೇಳಿ ಖುಷಿಯಲ್ಲಿ ಓಡ್ಬೇಡಿ. ಅವ್ರ ಲೆಕ್ಕದಲ್ಲಿ ಹಸ್ತಪ್ರತಿ ಅಂದ್ರೆ ಕೈಯಲ್ಲಿ ಬರೆದದ್ದೇ ಆಗ್ಬೇಕು, ಕಮ್ಮಿ ಅಂದ್ರೆ 75 ವರ್ಷ ಹಳತಾಗ್ಬೇಕು, ಅಚ್ಚಿನ ಪುಸ್ತಕ ಎಷ್ಟು ಹಳತಾದ್ರೂ ಬರುದಿಲ್ಲ. ಅಂದ್ರೆ ನಿಮ್ಮ 9 ನೋಟ್‌ಬುಕ್ ಬರ್ಬಹುದು, 312 ಬರುದಿಲ್ಲ. ನೋಟ್‌ಬುಕ್ಕಲ್ಲಿ ಎಲ್ಲಿಯಾದ್ರೂ ತಾರೀಕು ಉಂಟಾ ನೋಡಿ, ಇಲ್ಲದಿದ್ರೆ ಕಾಗದದ ಕಂಪೆನಿ ಹೆಸರು, ಸಂವತ್ಸರದ ಹೆಸರು ಎಂತಾದ್ರೂ. ಹಳಬರು ಇಸವಿ ಬರೆಯುದಿಲ್ಲ, ಸಂವತ್ಸರ ಬರೀತಾರೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುವ ಕಾರಣ 1889ಆ 1949ಆ ಅಂತ ಕಾಗದ ನೋಡಿಯೇ ಹೇಳ್ಬೇಕಾಗ್ತದೆ, ಅದು ಬೇರೆ ತಲೆನೋವು.

ಅಚ್ಚಿನ ಪುಸ್ತಕಕ್ಕೆ ನಾನು ಹೇಳುದಾದ್ರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಶುರುವಾದ ಸಂಸ್ಥೆ, ಕಲೆಯ ಬಗ್ಗೆ ಸಂಶೋಧನೆಗೆ ವ್ಯಕ್ತಿಗಳಿಗೇ ಗ್ರಾಂಟ್ ಕೊಡ್ತಾರೆ, ಇಂಗ್ಲಿಷೇ ಆಗ್ಬೇಕು ಅಂತಿಲ್ಲ, ಕನ್ನಡದಲ್ಲೇ ಪ್ರಪೋಸಲ್ ಬರೀಬಹುದು. ನನ್ನ ಕಾಲದಲ್ಲಿ ಇದು ಗೊತ್ತಿದ್ದಿದ್ರೆ ನಾನು ಆ ಉಪ್ಪಿಟ್ಟಿನ ಹತ್ರ ನಿಲ್ತಿರ್ಲಿಲ್ಲ.

ಕೇಂದ್ರದ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪೂ ಉಂಟು, ಜೂನಿಯರ್ ಅಂದ್ರೆ 25ರಿಂದ 40 ವರ್ಷದವ್ರಿಗೆ ತಿಂಗಳಿಗೆ 10,000, ಅದಕ್ಕೆ ಮೇಲಿನವ್ರಿಗೆ ಸೀನಿಯರ್ 20,000, ಎರಡು ವರ್ಷ. ಕೆಲಸದಲ್ಲಿದ್ದುಕೊಂಡು ಹಾಕುದಾದ್ರೆ ಮ್ಯಾನೇಜ್‌ಮೆಂಟ್ ಒಪ್ಪಿಗೆ ಮೊದಲೇ ಕೇಳಿ, ಆಮೇಲೆ ತಕರಾರು ಬೇಡ.

ನಿಮ್ಮ ಪ್ರಾಯ ಎಷ್ಟು?

ಕಪಾಟು_14:

ಅಕ್ಕಾ 38. ಇಷ್ಟು ಬರೆದದ್ದಕ್ಕೆ ಎಂತ ಹೇಳುದು ಗೊತ್ತಾಗುದಿಲ್ಲ. ಇಮೇಲ್ ಮಾಡಿಟ್ಟೆ. ನೋಟ್‌ಬುಕ್ ನೋಡಿದೆ, ಮೂರರಲ್ಲಿ ಸಂವತ್ಸರ ಉಂಟು, ಒಂದರಲ್ಲಿ ಮಾತ್ರ ಇಸವಿ, 1938.

ಮೇಷ್ಟ್ರು ಪ್ರಶ್ನೆ ಎಂತ ಅಂತ ಕೇಳಿದ್ರು. ಎರಡು ದಿನ ಯೋಚನೆ ಮಾಡಿದೆ. ‘ಕರಾವಳಿಯ ಪ್ರಸಂಗ ಸಾಹಿತ್ಯದ ಮುದ್ರಣ ಇತಿಹಾಸ’ ಅಂತ ಬರೆದೆ. ನನಗೇ ಬೋರಾಯ್ತು.

ವೋಚರ್_ಮಾಣಿ:

ಅಕೌಂಟ್ಸ್ ಸೆಕ್ಷನ್‌ನವ ನಾನು. ಎಲ್ರೂ ದುಡ್ಡು ತರುವ ವಿಷಯ ಹೇಳ್ತಾರೆ, ದುಡ್ಡು ಬಂದ ಮೇಲಿನ ಮಂಡೆಬಿಸಿ ಯಾರೂ ಹೇಳುದಿಲ್ಲ.

ಸರ್ಕಾರದ ಗ್ರಾಂಟ್ ಆದ್ರೆ ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ), ಅಂದ್ರೆ ದುಡ್ಡು ಖರ್ಚಾದ ಲೆಕ್ಕ ಕೊಡ್ಬೇಕು, ಜಿಎಫ್‌ಆರ್ 12-ಎ ಅಂತ ಫಾರ್ಮ್. ಮೊದಲ ಕಂತಿನ ಯುಸಿ ಹೋಗದೆ ಎರಡನೇ ಕಂತು ಬರುದಿಲ್ಲ. ಬ್ಯಾಂಕಲ್ಲಿ ದುಡ್ಡಿಗೆ ಬಡ್ಡಿ ಬಂದ್ರೆ ಅದೂ ನಿಮ್ಮದಲ್ಲ, ಸರ್ಕಾರದ್ದು, ವಾಪಸ್ ಕೊಡ್ಬೇಕು. 212 ರೂಪಾಯಿ ಬಡ್ಡಿಗೆ ನಾನು ಮೂರು ತಿಂಗಳು ಲೆಟರ್ ಬರೆದವ. ಇಕ್ವಿಪ್‌ಮೆಂಟ್ ಹೆಡ್ಡಿನ ದುಡ್ಡಲ್ಲಿ ಟ್ರಾವೆಲ್ ಮಾಡಿದ್ರೆ ಆಡಿಟಲ್ಲಿ ಸಿಕ್ಕಿ ಬೀಳ್ತೀರಿ, ಹೆಡ್ ಬದಲಾಯಿಸ್ಲಿಕ್ಕೆ ಮೊದಲೇ ಪರ್ಮಿಶನ್ ತಗೊಳ್ಳಿ.

ಹೊರದೇಶದ್ದಾದ್ರೆ ಇನ್ನೊಂದು ಕಥೆ. ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಅಂತ 2004ರಿಂದ ಉಂಟು, ನಿಮ್ಮಂತಹ ಹಾಳಾಗುವ ಹಳೇ ಕಾಗದಕ್ಕೆಂದೇ ಇರುದು, ಮೂಲ ಪ್ರತಿ ದೇಶ ಬಿಟ್ಟು ಹೋಗುವ ಹಾಗಿಲ್ಲ ಅಂತ ಅವ್ರದ್ದೇ ಕಂಡೀಶನ್. ಆದ್ರೆ ದುಡ್ಡು ಬರ್ಬೇಕಾದ್ರೆ ನಿಮ್ಮ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ತಗೊಳ್ಳುವ ಪರವಾನಗಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದ್ಲು ದೆಹಲಿಯ ಎಸ್‌ಬಿಐ ಮೈನ್ ಬ್ರಾಂಚಿನ ಖಾತೆಗೇ ಬರ್ಬೇಕು, ಒಂದು ಸಂಸ್ಥೆ ತಗೊಂಡು ಇನ್ನೊಂದಕ್ಕೆ ದಾಟಿಸ್ಲಿಕ್ಕೂ ಇಲ್ಲ. ಹಾಗಾಗಿ ಅರ್ಜಿ ಬರೆಯುವ ಮೊದ್ಲು ಆಫೀಸಿಗೆ ಹೋಗಿ ಒಂದೇ ಮಾತು ಕೇಳಿ, ನಮ್ಮಲ್ಲಿ ಎಫ್‌ಸಿಆರ್‌ಎ ಉಂಟಾ ಅಂತ. ಇಲ್ಲ ಅಂದ್ರೆ ಆ ದಾರಿ ಬಿಟ್ಟುಬಿಡಿ, ಪೊಕ್ಕಡೆ ನಾಲ್ಕು ತಿಂಗಳು ವೇಸ್ಟ್.

ಮತ್ತೆ ಬಜೆಟಲ್ಲಿ ಹಾರ್ಡ್ ಡಿಸ್ಕ್ ಕಮ್ಮಿ ಹಾಕ್ಬೇಡಿ. ಲೆಕ್ಕ ಮಾಡಿ ನೋಡಿ. 312 ಪುಸ್ತಕ, ಒಂದಕ್ಕೆ ಸರಾಸರಿ 40 ಪುಟ ಅಂದ್ರೆ 12,480. ಐದು ಇಂಚು ಏಳೂವರೆ ಇಂಚಿನ ಪುಟ 400 ಡಿಪಿಐಯಲ್ಲಿ ಬಣ್ಣದಲ್ಲಿ ಟಿಫ್ ಮಾಡಿದ್ರೆ ಒಂದೊಂದು ಸುಮಾರು 18 ಎಂಬಿ. ಒಟ್ಟು 225 ಜಿಬಿ ಹತ್ರ ಆಯ್ತು. ಮೂರು ಕಾಪಿ ಬೇಕು, ಒಂದು ಕಾಲೇಜಲ್ಲಿ, ಒಂದು ಬೇರೆ ಕಟ್ಟಡದಲ್ಲಿ, ಒಂದು ಬೇರೆ ಊರಲ್ಲಿ. ಸೋರುವ ರೂಮಲ್ಲಿ ಮೂರು ಡಿಸ್ಕ್ ಒಟ್ಟಿಗೆ ಇಟ್ರೆ ಅದು ಒಂದೇ ಕಾಪಿ.

ನಿವೃತ್ತ_ಅಕ್ಕ_ಉಡುಪಿ:

ಮಾಣಿ ಹೇಳಿದ್ದಕ್ಕೆ ಇದೂ ಸೇರಿಸಿ, ಟೈಮು. ನಾವು ಅಂದಾಜಲ್ಲಿ ಬರೆದು ಸಿಕ್ಕಿಬಿದ್ದದ್ದು. ಅರ್ಜಿಗೆ ಮೊದ್ಲು 50 ಪುಟ ಗಡಿಯಾರ ಇಟ್ಟು ಮಾಡಿ ನೋಡಿ. ಗಟ್ಟಿ ಕಾಗದವಾದ್ರೆ ಗಂಟೆಗೆ ನೂರು ನೂರಿಪ್ಪತ್ತು ಆಗ್ತದೆ, ನಿಮ್ಮ ಹಪ್ಪಳದ ಕಾಗದಕ್ಕೆ 60 ಆದ್ರೆ ಪುಣ್ಯ. 12,480 ಪುಟಕ್ಕೆ 208 ಗಂಟೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ನಿಮಗೆ ಸಿಗುದಿಲ್ಲ, 104 ಕೆಲಸದ ದಿನ, ಅದರಲ್ಲಿ ಪರೀಕ್ಷೆ, ಅಡ್ಮಿಶನ್, ನ್ಯಾಕ್ ಎಲ್ಲ ಬಂತು. ಎಂಟು ತಿಂಗಳು ಅಂತ ಬರೆಯಿರಿ. ಆರು ಅಂತ ಬರೆದ್ರೆ ರಿವ್ಯೂ ಮಾಡುವವ್ರು ಖುಷಿ ಆಗುದಿಲ್ಲ, ಇವ್ರು ಮೊದ್ಲು ಮಾಡಿಲ್ಲ ಅಂತ ಗೊತ್ತಾಗ್ತದೆ ಅಷ್ಟೆ.

ಫ್ಲಾಟ್ ಬೆಡ್ ಸ್ಕ್ಯಾನರಲ್ಲಿ ಒತ್ತಬೇಡಿ, ಬೆನ್ನು ಮುರಿತದೆ. ಮೇಲಿಂದ ಕ್ಯಾಮೆರಾ ಇಡುವ ಸ್ಟ್ಯಾಂಡ್ ಆಗ್ಬೇಕು. ಮಳೆಗಾಲಕ್ಕೆ ಡಿಹ್ಯೂಮಿಡಿಫೈಯರ್ ಒಂದು ಬಜೆಟಲ್ಲಿ ಹಾಕಿ, ಎಂತಕ್ಕೆ ಬೇಕು ಅಂತ ಎರಡು ಸಾಲು ಬರೆಯಿರಿ. ದೆಹಲಿಯಲ್ಲಿ ಕೂತವ್ರಿಗೆ ನಮ್ಮ ಜುಲೈ ಗೊತ್ತಿಲ್ಲ.

ಕಾಪಿರೈಟ್_60:

ಅಚ್ಚಿನದ್ದನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕುದು ಅಂತ ಇದ್ರೆ ಕಾಪಿರೈಟ್ ನೋಡಿದ್ದೀರಾ? ಇಲ್ಲಿ ಲೇಖಕ ತೀರಿಹೋದ ಮರು ವರ್ಷದಿಂದ 60 ವರ್ಷ. ಕವಿ ಗೋವಿಂದ ಪೈಗಳು ತೀರಿಹೋದದ್ದು 1963ರಲ್ಲಿ, ಅವ್ರು ಬರೆದದ್ದು 2024ರ ಜನವರಿ 1ರಿಂದ ಮುಕ್ತ. ಕಾರಂತರು 1997, ಅವ್ರದ್ದು 2057 ಮುಗಿಯುವವರೆಗೂ ಇಲ್ಲ. ಪುಸ್ತಕ ಹಳತು ಅಂತ ಲೆಕ್ಕ ಹಾಕ್ಬೇಡಿ, 1935ರ ಪುಸ್ತಕದ ಲೇಖಕ 1980ರವರೆಗೆ ಬದುಕಿರ್ಬಹುದು. ಕವಿ ಯಾರು ಅಂತ ಗೊತ್ತಿಲ್ಲದ ಪ್ರಸಂಗಗಳಿಗೆ ಪ್ರಕಟ ಆದ ವರ್ಷದಿಂದ 60.

ನಿಮ್ಮ ಎಕ್ಸೆಲಲ್ಲಿ ‘ಕವಿ ತೀರಿಹೋದ ವರ್ಷ’ ಅಂತ ಒಂದು ಕಾಲಂ ಸೇರಿಸಿ. ಮತ್ತೆ ಯಕ್ಷವಾಹಿನಿ ಅಂತ ಸಂಸ್ಥೆಯವ್ರು ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಇಟ್ಟಿದ್ದಾರೆ, ನಿಮ್ಮ 312ರಲ್ಲಿ ಎಷ್ಟು ಅಲ್ಲಿ ಈಗಾಗಲೇ ಉಂಟು ಅಂತ ಹೋಲಿಸಿ ನೋಡಿ. ಆಗಿ ಹೋದದ್ದಕ್ಕೆ ದುಡ್ಡು ಕೇಳಿದ್ರೆ ಕೊಡ್ಲಿಕ್ಕಿಲ್ಲ.

ಕಪಾಟು_14:

ಹೋಲಿಸಿದೆ. ಮಂಡೆ ಕೆಟ್ಟೋಯ್ತು. ಹೆಸರಿಗೆ ಹೆಸರು ನೋಡಿದ್ರೆ ಮುಕ್ಕಾಲು ಪಾಲು ಪ್ರಸಂಗ ಈಗಾಗಲೇ ಎಲ್ಲಿಯಾದ್ರೂ ಆನ್‌ಲೈನ್ ಉಂಟು. ಮುದ್ರಣ ಬೇರೆ ಇರ್ಬಹುದು, ಆದ್ರೆ ಪ್ರಸಂಗ ಅದೇ. ಅಂದ್ರೆ ಇದರಲ್ಲಿ ಹೊಸತು ಎಂತದ್ದೂ ಇಲ್ಲ ಅಂತ ಆಯ್ತಲ್ಲ. ಆಫೀಸಲ್ಲಿ ಕೇಳಿದೆ, ಎಫ್‌ಸಿಆರ್‌ಎ ಇಲ್ಲ. ಬಿಡುವ ಅಂತ ಕಾಣ್ತದೆ.

ಕುಂದಾಪ್ರದ_ಚಂಡೆ:

ಹ್ವಾಯ್, ಬಿಡುದು ಎಂತಕ್ಕೆ ಮಾರ್ರೆ? ತಡೀನಿ. ಎಲ್ರಿಗೂ ಅರ್ಥ ಆಯ್ಲಿ ಅಂದೇಳಿ ಪೇಟೆ ಕನ್ನಡದಲ್ಲೇ ಬರಿತೆ.

ನಾನು ಗ್ರಾಂಟಿನವ ಅಲ್ಲ, ಯಕ್ಷಗಾನ ಆಟದ ಮರುಳು. ನಿಮ್ಮ ಮೊದಲ ಪೋಸ್ಟಲ್ಲಿ ಒಂದು ಮಾತು ಉಂಟು, ನೀವೇ ಬರೆದು ನೀವೇ ದಾಟಿ ಹೋಗಿದ್ದೀರಿ. ಸ್ಥಿತಿ ಕಾಲಮಲ್ಲಿ ‘ಪೆನ್ಸಿಲಲ್ಲಿ ಗೀಚಿದೆ’. ಗೀಚಿದ್ದು ಯಾರು? ಎಂತ ಗೀಚಿದ್ದಾರೆ? ಪುಸ್ತಕ ದಾನ ಕೊಟ್ಟ ಮನೆಯಲ್ಲಿ ಭಾಗವತರು, ಅಂದ್ರೆ ಪದ್ಯ ಹಾಡಿ ಆಟ ನಡೆಸುವವ್ರು ಯಾರಾದ್ರೂ ಇದ್ರಾ?

ನಿಮಗೆ ಗೊತ್ತಿರ್ಬಹುದು, ಪ್ರಸಂಗ ಪುಸ್ತಕದಲ್ಲಿ ಪದ್ಯದ ಮೇಲೆ ರಾಗ ತಾಳ ಅಚ್ಚಾಗಿರ್ತದೆ. ಆದ್ರೆ ರಂಗಸ್ಥಳದಲ್ಲಿ ಭಾಗವತ ಅದೇ ಹೇಳ್ತಾನೆ ಅಂತ ಎಂತ ಗ್ಯಾರಂಟಿ? ಅಚ್ಚಲ್ಲಿ ಒಂದು ರಾಗ, ಆಟದಲ್ಲಿ ಇನ್ನೊಂದು. ಇನ್ನೂರು ಮುನ್ನೂರು ಪದ್ಯ ಇರುವ ಪ್ರಸಂಗದಲ್ಲಿ ಒಂದು ರಾತ್ರಿಗೆ ಎಷ್ಟು ಎತ್ತಿಕೊಳ್ಳುದು, ಯಾವುದು ಬಿಡುದು, ಯಾವ ವೇಷಕ್ಕೆ ಜಾಗ ಕೊಡುದು, ಅದೆಲ್ಲ ಭಾಗವತನ ಲೆಕ್ಕ. ಬಯಲಾಟಕ್ಕೆ ಒಂದು ಲೆಕ್ಕ, ಟಿಕೆಟು ಇಟ್ಟು ಟೆಂಟಲ್ಲಿ ಆಡುವಾಗ ಇನ್ನೊಂದು ಲೆಕ್ಕ. ಆ ಲೆಕ್ಕ ಎಲ್ಲಿಯೂ ಅಚ್ಚಾಗುದಿಲ್ಲ. ಪೆನ್ಸಿಲಲ್ಲಿ ಮಾತ್ರ ಇರ್ತದೆ. ಆನ್‌ಲೈನಲ್ಲಿ ಇರುವ ಸ್ಕ್ಯಾನಲ್ಲಿ ಅದೇ ಪ್ರಸಂಗ ಇರ್ಬಹುದು, ಆದ್ರೆ ಈ ಪೆನ್ಸಿಲ್ ಇಲ್ಲ ಅಲ್ದಾ?

ಒಂದು ಪುಸ್ತಕ ತೆಗೆದು ಗೀಚಿದ್ದು ಎಂತ ಅಂದೇಳಿ ಹೇಳಿ ಕಾಂಬ.

ಕಪಾಟು_14:

ಇವತ್ತು ಸಂಜೆ ಎಲ್ರೂ ಹೋದ ಮೇಲೆ ಕೂತು ನೋಡಿದೆ. ಕೈ ನಡುಗ್ತಾ ಉಂಟು, ಟೈಪ್ ತಪ್ಪಾದ್ರೆ ಕ್ಷಮಿಸಿ.

ಒಂದು ಭಾರತದ ಪ್ರಸಂಗ, ರಟ್ಟು ಇಲ್ಲ. ಶುರುವಲ್ಲಿ ಕೆಲವು ಪದ್ಯಕ್ಕೆ ಅಡ್ಡ ಗೆರೆ ಎಳೆದಿದ್ದಾರೆ, ಹಿಂದೆ ನಾನು ಅದನ್ನು ಮಕ್ಕಳು ಗೀಚಿದ್ದು ಅಂತ ತಿಳ್ಕೊಂಡದ್ದು. ಆದ್ರೆ ಗೆರೆ ಸರಿಯಾಗಿ ಪದ್ಯ ಶುರುವಾಗುವಲ್ಲಿಂದ ಮುಗಿಯುವಲ್ಲಿಯವರೆಗೆ ಮಾತ್ರ ಉಂಟು, ಮಕ್ಕಳು ಹಾಗೆ ಗೀಚುದಿಲ್ಲ. ಏಳು ಕಡೆ ಅಚ್ಚಿನ ರಾಗದ ಹೆಸರು ಹೊಡೆದು ಪಕ್ಕದಲ್ಲಿ ಬೇರೆ ಬರೆದಿದ್ದಾರೆ. ಕೆಲವು ಪದ್ಯದ ಹತ್ರ ಊರಿನ ಹೆಸರು, ತಾರೀಕು.

71ನೇ ಪುಟದಲ್ಲಿ ಒಂದು ಪದ್ಯದ ಎಡಗಡೆ ಸಣ್ಣಕ್ಕೆ ‘ಇಲ್ಲಿ ಬೆಳಗಾಯಿತು’ ಅಂತ ಉಂಟು. ಅಷ್ಟೆ. ಅಲ್ಲಿವರೆಗಿನ ಪುಟದ ಮೂಲೆ ಎಲ್ಲ ಕಪ್ಪಾಗಿ, ಎಣ್ಣೆ ಕೈ ತಾಗಿದ ಹಾಗೆ, ಮೆತ್ತಗೆ. 72ರಿಂದ ಮುಂದೆ ಪುಟದ ಅಂಚು ಈಗಲೂ ಹೊಸತಿನ ಹಾಗೆ ಬೆಳ್ಳಗೆ. ಎರಡು ಪುಟ ಪ್ರೆಸ್ಸಲ್ಲಿ ಬಿಡಿಸದೆ ಬಂದದ್ದು ಇನ್ನೂ ಅಂಟಿಕೊಂಡೇ ಉಂಟು.

ಹೀಗೆ ಬರಹ ಇರುವ ಪುಸ್ತಕ 47. ನಾನೇ ರಬ್ಬರಲ್ಲಿ ಉಜ್ಜಿ ಕ್ಲೀನ್ ಮಾಡುವ ಅಂತ ಇದ್ದೆ.

ಕುಂದಾಪ್ರದ_ಚಂಡೆ:

ದೇವ್ರೇ. ರಬ್ಬರು ಯಾರಿಗಾದ್ರೂ ಕೊಟ್ಟುಬಿಡಿ ಮಾರಾಯ್ರೆ!

ಆ ಪದ್ಯದಲ್ಲಿಗೆ ಬೆಳಗಾಗಿ ಮಂಗಳ ಹಾಡಿದ್ದಾರೆ, ಮುಂದಿನ ಕಥೆ ಅವ್ರು ಆಡಿದ್ದೇ ಇಲ್ಲ. ಕವಿ ಬರೆದಿದ್ದಾನೆ, ಪ್ರೆಸ್ಸಿನವ ಅಚ್ಚು ಹಾಕಿದ್ದಾನೆ, ಜನ ಕಂಡದ್ದು 71ನೇ ಪುಟದವರೆಗೆ.

ನೆಟ್_ಪಾಸ್_ಮೇಷ್ಟ್ರು:

ನನ್ನ ಮೊದಲ ಕಾಮೆಂಟಿನ ಎರಡನೇ ಅರ್ಧ ವಾಪಸ್ ತಗೊಳ್ತೇನೆ. ಅಚ್ಚಾದ ಪ್ರಸಂಗಕ್ಕೂ ಆಡಿದ ಪ್ರಸಂಗಕ್ಕೂ ಎಷ್ಟು ವ್ಯತ್ಯಾಸ, ಯಾವ ಪದ್ಯ ಬಿಟ್ರು, ಯಾವ ರಾಗ ಬದಲಾಯಿಸಿದ್ರು, 47 ಪ್ರತಿಗಳ ಆಧಾರದಲ್ಲಿ. ಇದು ಪ್ರಶ್ನೆ. 312 ಅಂತ ಹಾಕ್ಬೇಡಿ ಈಗ. 47 ಪುಸ್ತಕ ಮತ್ತೆ 9 ನೋಟ್‌ಬುಕ್, ಅಷ್ಟೆ. ಉಳಿದದ್ದಕ್ಕೆ ಪಟ್ಟಿ ಸಾಕು.

ಆ ಗುರುತು ಏನು ಅಂತ ಹೇಳ್ಲಿಕ್ಕೆ ಈಗಿನ ಹಿರಿಯ ಭಾಗವತರ ಹತ್ರ ಕೂತು ಓದಿಸ್ಬೇಕಾಗ್ತದೆ, ಅವ್ರಿಗೆ ಗೌರವಧನ ಬಜೆಟಲ್ಲಿ ಹಾಕಿ, ಪ್ರಯಾಣ ಹಾಕಿ. ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟು ಎರಡೂ ಶೈಲಿಯವ್ರು ಬೇಕು. ಪ್ರಪೋಸಲ್‌ನ ಮೊದಲ ಪ್ಯಾರಾದಲ್ಲಿ ‘ಕರಾವಳಿಯ ಶ್ರೀಮಂತ ಸಾಂಸ್ಕೃತಿಕ ಪರಂಪರೆ’ ಅಂತ ದಯವಿಟ್ಟು ಬರೀಬೇಡಿ, ಎಲ್ರೂ ಹಾಗೇ ಬರೆಯುದು. 71ನೇ ಪುಟ ಬರೆಯಿರಿ, ಈಗ ಇಲ್ಲಿ ಬರೆದ ಹಾಗೇ.

ನಿವೃತ್ತ_ಅಕ್ಕ_ಉಡುಪಿ:

ಪುಟದ ಲೆಕ್ಕ ಈಗ 47ಕ್ಕೆ ತಿರುಗಿ ಮಾಡಿ. 40ರ ಸರಾಸರಿ ಬೇಡ, ಗೀಚಿದ ಪುಸ್ತಕಗಳು ದೊಡ್ಡವೇ ಇರ್ತವೆ, ಒಂದೊಂದೂ ಎಣಿಸಿ. ಮತ್ತೆ ಪೆನ್ಸಿಲ್ ಅಂದ್ರೆ ಮಾಮೂಲು ಲೈಟಲ್ಲಿ ಕ್ಯಾಮೆರಾಕ್ಕೆ ಸರಿ ಬೀಳುದಿಲ್ಲ, ಹೊಳಪು ಹೊಡಿತದೆ. ಒಂದು ಬದಿಯಿಂದ ಓರೆಯಾಗಿ ಲೈಟ್ ಇಟ್ಟು ಎರಡನೇ ಫೋಟೋ ತೆಗಿಬೇಕು, ಅಂದ್ರೆ ಗುರುತು ಇರುವ ಪುಟಕ್ಕೆ ಡಬ್ಬಲ್ ಟೈಮು. ಆ ಅಂಟಿಕೊಂಡ ಪುಟ ಬಿಡಿಸ್ಲಿಕ್ಕೆ ಹೋಗ್ಬೇಡಿ ಮಗಾ, ಅದೂ ಸಾಕ್ಷಿಯೇ. ಬಿಡಿಸದೆ ಹಾಗೇ ಫೋಟೋ ತೆಗಿಯಿರಿ.

ನಿಮ್ಮ ಎಕ್ಸೆಲಲ್ಲಿ ‘ಗೀಚಿದೆ’ ಅಂತ ಇರುದನ್ನು ಸ್ಥಿತಿ ಕಾಲಮಿಂದ ತೆಗೆದು ಬೇರೆ ಕಾಲಂ ಮಾಡಿ. ಅದನ್ನು ಇವತ್ತೇ ಮಾಡಿ.

ವೋಚರ್_ಮಾಣಿ:

ಗೌರವಧನಕ್ಕೆ ವೋಚರ್, ಸೈನ್, ಪಾನ್ ನಂಬರ್. ಭಾಗವತರ ಹತ್ರ ಪಾನ್ ಕಾರ್ಡ್ ಕೇಳ್ಲಿಕ್ಕೆ ನಾಚಿಕೆ ಆಗ್ತದೆ, ಆದ್ರೂ ಕೇಳಿ. ಆಡಿಟರಿಗೆ ನಾಚಿಕೆ ಇಲ್ಲ.

ಕಪಾಟು_14:

ಅಪ್‌ಡೇಟ್ ಕೊಡ್ಲಿಕ್ಕೆ ತಡ ಆಯ್ತು.

ಕಾಲಂ ಬದಲಾಯಿಸಿದೆ. 47 ಪುಸ್ತಕದಲ್ಲಿ ಒಟ್ಟು 3,106 ಪುಟ, ಅದರಲ್ಲಿ ಬರಹ ಇರುದು 1,240. ಅಕ್ಕ ಹೇಳಿದ ಹಾಗೆ ಗಡಿಯಾರ ಇಟ್ಟು 50 ಪುಟ ಮಾಡಿದೆ, 55 ನಿಮಿಷ ಆಯ್ತು. ಎರಡನೇ ಲೈಟಿಗೆ ನಮ್ಮ ಮನೆಯ ಟೇಬಲ್ ಲ್ಯಾಂಪ್.

ಕನ್ನಡ ವಿಭಾಗದ ಮೇಡಂ ಒಬ್ರಿಗೆ ತೋರಿಸಿದೆ. ಅವ್ರು ಕೋ ಆಗಿ ಬರ್ತೇನೆ, ಮೊದಲ ಹೆಸರು ನಿಮ್ಮದೇ ಇರ್ಲಿ ಅಂದ್ರು, ಒಂದು ಪುಟದ ಒಪ್ಪಂದ ಬರೆದುಕೊಂಡು ಹೋದದ್ದನ್ನು ತೆಗೆದು ತೋರಿಸ್ಲಿಕ್ಕೆ ನಂಗೇ ಒಂಥರಾ ಆಯ್ತು, ಆದ್ರೂ ಅಕ್ಕನ ಉಪ್ಪಿಟ್ಟು ನೆನಪಾಗಿ ತೋರಿಸಿದೆ. ಓದಿ ಒಂದು ತಿದ್ದುಪಡಿ ಮಾಡಿ ಸೈನ್ ಹಾಕಿದ್ರು. ಬೆಂಗಳೂರಿನ ಕಲಾ ಸಂಸ್ಥೆಗೆ ಕನ್ನಡದಲ್ಲೇ ಬರಿತಿದ್ದೇವೆ. 9 ನೋಟ್‌ಬುಕ್‌ದು ಬೇರೆ ಅರ್ಜಿ, ಅದು 1938ರದ್ದು ಒಂದನ್ನು ಮುಂದಿಟ್ಟು.

ಮೇಲಿನವ್ರ ಫಾರ್ವರ್ಡಿಂಗ್ ಲೆಟರ್ ಇನ್ನೂ ಆಗ್ಲಿಲ್ಲ. ಸ್ಟಾಕ್ ವೆರಿಫಿಕೇಶನ್ ಆದ ಮೇಲೆ ಬನ್ನಿ ಅಂದಿದ್ದಾರೆ, 18,000 ಪುಸ್ತಕದಲ್ಲಿ 6,000 ಆಯ್ತು.

ಚಂಡೆಯವ್ರೇ, ನಿಮಗೊಂದು ಕೇಳ್ಲಿಕ್ಕೆ ಉಂಟು. ಮೂರು ಪುಸ್ತಕದಲ್ಲಿ ಪದ್ಯದ ಪಕ್ಕ ಸೊನ್ನೆ ಹಾಕಿ ಅದರೊಳಗೆ ಚುಕ್ಕಿ ಇಟ್ಟಿದ್ದಾರೆ, ಮೇಡಂಗೂ ಗೊತ್ತಾಗ್ಲಿಲ್ಲ. ನಿಮ್ಮ ಕಡೆ ಹಾಗೆ ಯಾರಾದ್ರೂ ಗುರುತು ಹಾಕ್ತಿದ್ರಾ?

ಕುಂದಾಪ್ರದ_ಚಂಡೆ:

ಫೋಟೋ ಹಾಕಿ. ನಮ್ಮ ಊರಲ್ಲಿ ಎಂಬತ್ತು ದಾಟಿದ ಭಾಗವತ್ರೊಬ್ರು ಇದ್ದಾರೆ, ಆದಿತ್ಯವಾರ ಅವ್ರ ಮನೆಗೆ ಹೋಪುಕುಂಟು, ತೋರ್ಸಿ ಕೇಣ್ತೆ.